ಕ್ಯಾಥೋಲಿಕ್ ಹೈಸ್ಕೂಲಿನಲ್ಲಿ ಗಣಿತಕ್ಕೆ ಹಿಂದುಳಿದ ಹತ್ತನೇ ತರಗತಿಯವರನ್ನು ಮೇಲೆತ್ತುವುದು ಹೇಗೆ?

"ಇವನು ಪಾಸಾದರೆ ಸಾಕು" ಎಂಬ ಮಾತು ಸ್ಟಾಫ್ ರೂಮಿನಲ್ಲೂ ಬೇಡ. ಅದು ಹೇಗೋ ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ.

ಜೂನ್‌ನಲ್ಲೇ ಏಳನೇ ತರಗತಿ ಮಟ್ಟದ 15 ಲೆಕ್ಕ ಕೊಟ್ಟು, ಉತ್ತರದ ಜೊತೆ ಪ್ರತಿ ಹಂತವನ್ನೂ ಓದಿ. ವರ್ಗ ಸಮೀಕರಣ ಬಾರದು ಎನ್ನುವವರಲ್ಲಿ ಹಲವರು ಎಡವಿರುವುದು −3 × −2 = −6 ಎಂದು ಬರೆದ ಸಾಲಿನಲ್ಲಿ. ಅಲ್ಲಿಂದಲೇ ಶುರು ಮಾಡಿ.

ಆರಾರು ಮಕ್ಕಳ ಗುಂಪು, ವಾರಕ್ಕೆ ಮೂರು ದಿನ, 40 ನಿಮಿಷ. ಮೊದಲ ಹತ್ತು ನಿಮಿಷ ಹಿಂದಿನ ಪಾಠ ಒಪ್ಪಿಸಲಿ; ಕ್ಯಾಥೋಲಿಕ್ ಧರ್ಮಸಂಘವಾದ ಜೆಸ್ವಿಟರ 1599ರ ಶಿಕ್ಷಣ ನಿಯಮಾವಳಿಯಲ್ಲೂ ಈ ಪುನರಾವರ್ತನೆಗೆ ದೊಡ್ಡ ಸ್ಥಾನವಿತ್ತು. ಟೆಸ್ಟಿಗೆ ಇವರಿಗೂ ತರಗತಿಯ ಉಳಿದವರ ಪ್ರಶ್ನೆಪತ್ರಿಕೆಯೇ ಇರಲಿ. ತಪ್ಪಿದ ಲೆಕ್ಕವನ್ನು ಮೂರು ದಿನದೊಳಗೆ ಮತ್ತೆ ಮಾಡಿಸಿ, ಹೊಸ ಅಂಕ ಹಾಕಿ. ಸಂಜೆ ಬಸ್ಸು ತಪ್ಪುವವರಿಗೆ ಬೆಳಗಿನ ಅಸೆಂಬ್ಲಿಗೆ ಮುಂಚೆ ಸಮಯ ಇಡಿ.