ಹಡಗು ನಿಂತ ದ್ವೀಪದಲ್ಲಿ ಸ್ನಾರ್ಕೆಲಿಂಗ್: ಪ್ಯಾಕೇಜ್ ಆರಿಸುವುದು ಹೇಗೆ?

ಅಡಿಕೆ ಸುಗ್ಗಿ ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿಯುತ್ತ ಬಂದ ಮೇಲೆ ಪ್ರವಾಸ ಹೊರಡುವುದು ಮಲೆನಾಡಿನ ಮನೆಗಳಲ್ಲಿ ರೂಢಿ. ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಿಂದ ಕೊಚ್ಚಿಗೋ ಸಿಂಗಪುರಕ್ಕೋ ಹೋಗಿ ಹಡಗು ಹತ್ತುವ ಕುಟುಂಬಗಳೂ ಇವೆ. ಹಡಗು ಒಂದೊಂದು ದ್ವೀಪದ ಬಳಿ ಏಳೆಂಟು ಗಂಟೆ ನಿಲ್ಲುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಹವಳ ಮತ್ತು ಮೀನು ನೋಡುವ ಸ್ನಾರ್ಕೆಲಿಂಗ್‌ಗೆ ಆ ಹೊತ್ತಿನಲ್ಲಿ ಹೋಗಬೇಕೆಂಬ ಆಸೆ ಹಲವರಿಗೆ. ಒಂದೇ ಬಂದರಿನಲ್ಲಿ ಹತ್ತಾರು ಪ್ಯಾಕೇಜ್‌ಗಳಿದ್ದು, ಎಲ್ಲದರ ಚಿತ್ರಗಳೂ ಒಂದೇ ನೀಲಿಯಾಗಿರುವುದರಿಂದ ಆಯ್ಕೆ ಕಷ್ಟವಾಗುತ್ತದೆ. ಎರಡು ಸಲ ಹೋಗಿ ಬಂದ ಅನುಭವದ ಮೇಲೆ ನಾನು ಹೇಳುವುದಿಷ್ಟು: ಎಷ್ಟು ದ್ವೀಪ ತೋರಿಸುತ್ತಾರೆ, ಊಟಕ್ಕೆ ಏನು ಕೊಡುತ್ತಾರೆ ಎಂಬುದನ್ನು ಬದಿಗಿಟ್ಟು, ಶಾಂತವಾದ ನೀರಿನಲ್ಲಿ ನಿಮಗೆ ಎಷ್ಟು ನಿಮಿಷ ಸಿಗುತ್ತದೆ, ಆ ಹೊತ್ತಿನಲ್ಲಿ ನಿಮ್ಮ ಜೊತೆ ನೀರಿನೊಳಗೆ ಯಾರಿರುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಪಡೆಯಿರಿ.

ಗಡಿಯಾರದ ಲೆಕ್ಕ

ಸಿಗಂದೂರಿಗೆ ಸೇತುವೆ ಆಗುವ ಮೊದಲು ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟುವ ಕೊನೆಯ ಲಾಂಚ್ ತಪ್ಪಿಸಿಕೊಂಡವರ ಪಾಡು ನಮ್ಮ ಕಡೆಯವರಿಗೆ ಗೊತ್ತಿದೆ. ಹಡಗಿನ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಹಡಗು ಮರುದಿನ ಬೆಳಗ್ಗೆ ಅದೇ ಜಾಗಕ್ಕೆ ಬರುವುದಿಲ್ಲ. ಹಡಗಿನ ಕಂಪನಿಯೇ ಮಾರುವ ಪ್ರವಾಸದಲ್ಲಿ ನಿಮ್ಮ ಬೋಟ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ದಡದಲ್ಲಿ ನೀವೇ ಗೊತ್ತುಮಾಡಿಕೊಂಡ ಪ್ರವಾಸವಾದರೆ ಕಾಯುವ ಹೊಣೆ ಅದಕ್ಕಿಲ್ಲ. ಹೊರಗಿನವರ ದರ ಕಡಿಮೆ ಇರುವುದೂ, ಗುಂಪು ಚಿಕ್ಕದಿರುವುದೂ ನಿಜವೇ. ಆದ್ದರಿಂದ ಹೊರಗಿನವರನ್ನು ಆರಿಸುವುದಾದರೆ, ಎಲ್ಲರೂ ಹಡಗು ಹತ್ತಿರಬೇಕಾದ ಗಡುವಿಗೆ ಕನಿಷ್ಠ ಎರಡು ಗಂಟೆ ಮೊದಲು ದಡಕ್ಕೆ ಮರಳುವ ಪ್ರವಾಸವನ್ನಷ್ಟೇ ಒಪ್ಪಿಕೊಳ್ಳಿ. ಹಡಗಿನ ಗಡಿಯಾರವೂ ದ್ವೀಪದ ಗಡಿಯಾರವೂ ಒಂದೇ ಸಮಯ ತೋರಿಸುತ್ತಿವೆಯೇ ಎಂಬುದನ್ನು ಇಳಿಯುವ ಮೊದಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ದೇಶ ಬದಲಾದಾಗ ಮೊಬೈಲ್ ತನ್ನಷ್ಟಕ್ಕೆ ಸಮಯ ಬದಲಿಸಿಕೊಳ್ಳುತ್ತದೆ, ಹಡಗಿನ ಸಮಯ ಮಾತ್ರ ಹಳೆಯದೇ ಉಳಿದಿರಬಹುದು.

ಇನ್ನು ‘ನಾಲ್ಕು ಗಂಟೆಯ ಪ್ರವಾಸ’ ಎಂದು ಬರೆದದ್ದನ್ನು ಬಿಡಿಸಿ ನೋಡಿ. ಹೋಗಲು 50 ನಿಮಿಷ, ಬರಲು 50 ನಿಮಿಷ, ಸಲಕರಣೆ ಹಂಚಿ ತಿಳಿಹೇಳಲು ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ ಕಳೆದರೆ ಉಳಿಯುವುದು ಒಂದು ಗಂಟೆ ಐದು ನಿಮಿಷ. ಆ ಒಂದು ಗಂಟೆಯಲ್ಲಿ ಮೂರು ದ್ವೀಪಗಳೆಂದರೆ ಒಂದೊಂದಕ್ಕೆ ಇಪ್ಪತ್ತು ನಿಮಿಷ. ಥಾಯ್ಲೆಂಡಿನ ಫುಕೆಟ್‌ನಲ್ಲಿ ನಾವು ಇಂಥದ್ದೇ ಮೂರು ದ್ವೀಪಗಳ ಆಸೆಗೆ ಬಿದ್ದು, ಮೂವತ್ತಕ್ಕೂ ಹೆಚ್ಚು ಜನರಿದ್ದ ಬೋಟ್ ಹತ್ತಿದ್ದೆವು. ಅಕ್ಕ ಮಾಸ್ಕ್ ಸರಿಮಾಡಿಕೊಂಡು ಏಣಿ ಇಳಿಯುವಷ್ಟರಲ್ಲಿ ಮೇಲೆ ಬರಲು ಸೀಟಿ ಊದಿದರು. ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಅಂದು ಕೇಳಿರಲಿಲ್ಲ: ನೀರಿನೊಳಗೆ ನಮಗೆ ಸಿಗುವುದು ಎಷ್ಟು ಹೊತ್ತು?

ಯಾವ ನೀರು

ಮಳೆಗಾಲದ ತುಂಗೆ ಕೆಂಪಾಗಿ ಹರಿಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೊಳೆ ಸಮುದ್ರ ಸೇರುವ ಕಡೆ ಮಣ್ಣು ಮತ್ತು ಸಿಹಿನೀರು ಬಂದು ಬೀಳುತ್ತವೆ. ಹವಳದ ಜೀವಿಗೆ ಉಪ್ಪುನೀರೂ ಬೆಳಕೂ ಬೇಕಾದ್ದರಿಂದ ಅಂಥಲ್ಲಿ ಅದು ಬೆಳೆಯುವುದು ಕಷ್ಟ. ನಮ್ಮ ಶರಾವತಿ ಸಮುದ್ರ ಸೇರುವ ಹೊನ್ನಾವರದ ದಡದಲ್ಲಿ ನಿಂತರೆ ಕಾಣದ ಲೋಕವು, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಸಮುದ್ರದೊಳಗಿರುವ ನೇತ್ರಾಣಿ ದ್ವೀಪದಲ್ಲಿ ಕಾಣುವುದಕ್ಕೆ ಈ ದೂರವೂ ಒಂದು ಕಾರಣ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಒಂದರಲ್ಲೂ ನದಿಯಿಲ್ಲ. ಅಲ್ಲಿನ ನೀರಿನ ತಿಳಿಗೆ ಅದೂ ಸೇರಿಕೊಂಡಿದೆ. ಆದ್ದರಿಂದ ನೀವು ಹೋಗುವ ಜಾಗ ನದೀಮುಖದಿಂದ ದೂರವಿದೆಯೇ, ಹಿಂದಿನ ದಿನ ಅಲ್ಲಿ ದೊಡ್ಡ ಮಳೆ ಬಂದಿತ್ತೇ ಎಂದು ಕೇಳಿ.

ಎರಡನೆಯದು ಅಲೆ. ಹವಳದ ದಿಬ್ಬ ಕೋಟೆಯಂತೆ ಸುತ್ತುವರಿದಿದ್ದು, ಅದರೊಳಗೆ ಆಳವಿಲ್ಲದ ನೀರು ನಿಂತಿರುವ ಜಾಗಕ್ಕೆ ಲಗೂನ್ ಎನ್ನುತ್ತಾರೆ. ಹೊರಗಿನ ಅಲೆಗಳು ದಿಬ್ಬಕ್ಕೆ ಬಡಿದು ಮುರಿಯುವುದರಿಂದ ಒಳಗಿನ ನೀರು ಕೆರೆಯಂತೆ ಇರುತ್ತದೆ. ಮೊದಲ ಸಲ ಹೋಗುವವರು, ಈಜು ಬಾರದವರು, ಮಕ್ಕಳು ಮತ್ತು ವಯಸ್ಸಾದವರು ಲಗೂನ್ ಇರುವ ಪ್ರವಾಸವನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲಕ್ಷದ್ವೀಪದ ಆಡಳಿತ ಕೊಚ್ಚಿಯಿಂದ ನಡೆಸುತ್ತ ಬಂದಿರುವ ‘ಸಮುದ್ರಂ’ ಎಂಬ ಐದು ದಿನಗಳ ಹಡಗು ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳನ್ನು ಹಗಲಿನಲ್ಲಿ ನೋಡಿ ರಾತ್ರಿ ಹಡಗಿಗೆ ಮರಳುವ ವ್ಯವಸ್ಥೆಯಿದೆ. ಆ ಲಗೂನ್‌ಗಳು ಕಲಿಯುವವರಿಗೆ ಹೇಳಿಮಾಡಿಸಿದಂತಿವೆ. ನೇತ್ರಾಣಿಯಲ್ಲಿ ಬೋಟ್‌ನಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕಾದ್ದರಿಂದ, ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಅದನ್ನು ಮೊದಲ ಪಾಠವಾಗಿ ಮಾಡಿಕೊಳ್ಳಬೇಡಿ. ಹೊಳೆಯಲ್ಲಿ ಈಜಿ ಬೆಳೆದವರಿಗೂ ಒಂದು ಮಾತು. ಹೊಳೆಯ ಸೆಳೆತ ಒಂದೇ ದಿಕ್ಕಿಗೆ ಇರುತ್ತದೆ, ಸಮುದ್ರದ್ದು ಉಬ್ಬರ ಇಳಿತಗಳಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಮುಖ ಕೆಳಗೆ ಮಾಡಿ ತೇಲುವವರಿಗೆ ತಾವು ದೂರ ಸರಿದದ್ದು ತಿಳಿಯುವುದೇ ಇಲ್ಲ.

ಬೆಳಗಿನ ಪ್ರವಾಸ ಮತ್ತು ಮಧ್ಯಾಹ್ನದ ಪ್ರವಾಸ ಎರಡೂ ಇದ್ದರೆ ಬೆಳಗಿನದನ್ನು ಹಿಡಿಯಿರಿ, ಸಾಮಾನ್ಯವಾಗಿ ಗಾಳಿ ಆಗ ಕಡಿಮೆ. ಇನ್ನು ಚಿತ್ರದಲ್ಲಿರುವ ಜಾಗದಲ್ಲೇ ನೀರಿಗಿಳಿಸುತ್ತಾರೆಯೇ ಎಂದು ಕೇಳುವುದನ್ನು ಮರೆಯಬಾರದು. ಥಾಯ್ಲೆಂಡಿನ ಫಿ ಫಿ ದ್ವೀಪಗಳಲ್ಲಿರುವ ಮಾಯಾ ಬೇ ಎಂಬ ಹೆಸರಾಂತ ಕೊಲ್ಲಿಯನ್ನು, ಜನಜಂಗುಳಿಯಿಂದ ಹವಳ ಹಾಳಾದ ಕಾರಣ 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದರು. ಆದರೆ ಅಲ್ಲಿ ಈಜಲು ಬಿಡದ ನಿಯಮ ತಂದರು.

ಜೊತೆಗೆ ಯಾರು

ಗೈಡ್ ಬೋಟ್‌ನ ಮೇಲೆ ಕುಳಿತಿರುತ್ತಾನೋ ನೀರಿಗೆ ಇಳಿಯುತ್ತಾನೋ ಎಂಬುದನ್ನು ನೇರವಾಗಿ ಕೇಳಿ. ಒಬ್ಬ ಗೈಡ್‌ಗೆ ಎಂಟು ಹತ್ತು ಜನರಿಗಿಂತ ಹೆಚ್ಚು ಇದ್ದರೆ ನಾನಂತೂ ಮುಂದಿನ ಪ್ಯಾಕೇಜ್ ನೋಡುತ್ತೇನೆ. ಹಿಡಿದುಕೊಂಡು ದಣಿವಾರಿಸಿಕೊಳ್ಳಲು ತೇಲುವ ಟ್ಯೂಬ್ ಇದೆಯೇ, ಮಂಡಿ ನೋವಿನವರು ಹತ್ತಬಹುದಾದ ಏಣಿ ಇದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂಬುದೂ ಮುಖ್ಯ. ಹೃದಯದ ತೊಂದರೆ, ಆಸ್ತಮಾ, ರಕ್ತದೊತ್ತಡ ಇರುವವರು ಊರು ಬಿಡುವ ಮೊದಲೇ ವೈದ್ಯರನ್ನು ಕೇಳಬೇಕು ಮತ್ತು ಗೈಡ್‌ನಿಂದ ಅದನ್ನು ಮುಚ್ಚಿಡಬಾರದು. ತೇಲುವುದು ಸುಲಭವೆಂದು ಕಂಡರೂ ಕೊಳವೆಯಲ್ಲಿ ಉಸಿರಾಡುತ್ತ ಕಾಲು ಬಡಿಯುವುದು ದೇಹಕ್ಕೆ ದಣಿವಿನ ಕೆಲಸವೇ.

ಮಾಸ್ಕ್ ಪರೀಕ್ಷೆ ಒಂದು ನಿಮಿಷದ್ದು. ಪಟ್ಟಿಯನ್ನು ತಲೆಗೆ ಹಾಕದೆ, ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಮೂಗಿನಿಂದ ಉಸಿರನ್ನು ಒಳಗೆಳೆದುಕೊಂಡು ಕೈ ಬಿಡಿ. ಅದು ಬೀಳದೆ ಮುಖಕ್ಕೆ ಅಂಟಿ ನಿಂತರೆ ಅಳತೆ ಸರಿ. ಅಂಚಿನ ಸಿಲಿಕೋನ್ ಮೆತ್ತಗಿರಬೇಕು. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬೇರೆಯದನ್ನು ಕೇಳಿ. ನಮ್ಮ ಭಾವನಿಗೆ ಮೂರು ಮಾಸ್ಕ್ ಬದಲಿಸಿದರೂ ಮೂಗಿನ ಕೆಳಗೆ ನೀರು ನುಗ್ಗುತ್ತಿತ್ತು. ದಪ್ಪ ಮೀಸೆ ಅಂಚನ್ನು ಚರ್ಮಕ್ಕೆ ಕೂರಲು ಬಿಡುತ್ತಿರಲಿಲ್ಲ. ಮೂಗಿನ ಕೆಳಗಿನ ಎರಡು ಎಳೆಯಷ್ಟು ಜಾಗವನ್ನು ಕತ್ತರಿಸಿಕೊಂಡ ಮೇಲೆ ಸರಿಹೋಯಿತು. ಕನ್ನಡಕದವರು ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಬುಕ್ಕಿಂಗ್ ಸಮಯದಲ್ಲೇ ವಿಚಾರಿಸಲಿ. ಇಡೀ ಮುಖ ಮುಚ್ಚುವ ಮಾಸ್ಕ್‌ಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ, ಬಿಟ್ಟ ಉಸಿರು ಒಳಗೇ ಉಳಿದು ಮತ್ತೆ ಸೇರುವ ಅಪಾಯವಿರುವುದರಿಂದ ಕಣ್ಣು ಮೂಗು ಮುಚ್ಚುವ ಸಾದಾ ಮಾಸ್ಕ್, ಬೇರೆ ಕೊಳವೆ ಇರುವ ಜೋಡಿಯೇ ಒಳ್ಳೆಯದು. ಇಂಥದೊಂದು ಜೋಡಿಯನ್ನು ಮೊದಲೇ ಕೊಂಡು, ಹೊರಡುವ ಮುನ್ನ ಈಜುಕೊಳದ ಎದೆಮಟ್ಟದ ನೀರಿನಲ್ಲಿ ಒಂದೆರಡು ದಿನ ಬಾಯಿಂದ ಉಸಿರಾಡುವುದನ್ನು ರೂಢಿಸಿಕೊಂಡರೆ ಸಮುದ್ರದಲ್ಲಿ ಗಾಬರಿ ಅರ್ಧ ಕಡಿಮೆಯಾಗುತ್ತದೆ.

ಹವಳದ ಮೇಲೆ ನಮ್ಮ ಭಾರ

ಕಲ್ಪೇನಿಯಲ್ಲಿ ನೀರಿನಿಂದ ತಲೆಯೆತ್ತಿದ ಅಕ್ಕ ಹೇಳಿದ ಮೊದಲ ಮಾತು, “ಒಳಗೆ ಯಾರೋ ಅಡಿಕೆ ಕತ್ತರಿಸ್ತಾ ಕೂತ ಹಾಗೆ ಕೇಳ್ತದೆ ಕಣೋ” ಎಂದು. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್ ಮೀನುಗಳು ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುವ ಸದ್ದು ಅದು. ಪಾಚಿ ಹವಳವನ್ನು ಮುಚ್ಚದಂತೆ ನೋಡಿಕೊಳ್ಳುವ ಕೆಲಸ ಆ ಮೀನುಗಳದ್ದು. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ರೂಢಿಯಾದ ನಮ್ಮ ಕೈ ಅಲ್ಲೂ ಬ್ರೆಡ್ ಹಾಕಲು ಹೋಗುತ್ತದೆ, ಆದರೆ ಹಾಗೆ ಹೊಟ್ಟೆ ತುಂಬಿಸಿಕೊಂಡ ಮೀನುಗಳು ಪಾಚಿಯ ಕಡೆ ಹೋಗುವುದು ಕಡಿಮೆಯಾಗುತ್ತದೆ. ಹಾಗಾಗಿ ಮೀನಿಗೆ ತಿನ್ನಲು ಕೊಡುವುದನ್ನೇ ಆಕರ್ಷಣೆಯಾಗಿ ಹೇಳುವ ಪ್ಯಾಕೇಜ್ ಬೇಡ. ಹವಳದ ಮೇಲೆ ಲಂಗರು ಎಸೆಯದೆ, ಮೊದಲೇ ನೆಟ್ಟ ತೇಲುಬುರುಡೆಗೆ ಬೋಟ್ ಕಟ್ಟುವವರನ್ನು ಆರಿಸಿ. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್‌ಗಿಂತ ಹೆಚ್ಚಿಲ್ಲ. ದಣಿದವರು ಅದರ ಮೇಲೆ ಒಮ್ಮೆ ಕಾಲೂರಿದರೆ ಎಷ್ಟೋ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು, ಉಳಿದದ್ದನ್ನು ನಾವು ತುಳಿಯುವುದು ಬೇಡ. ಚೂರೊಂದನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಥಾಯ್ಲೆಂಡ್ ತನ್ನ ಸಾಗರ ಉದ್ಯಾನಗಳಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಮುಂತಾದ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು 2021ರಲ್ಲಿ ನಿಷೇಧಿಸಿದೆ. ಉದ್ದ ತೋಳಿನ ಈಜು ಅಂಗಿ ಹಾಕಿಕೊಂಡರೆ ಆ ಗೊಡವೆಯೇ ಇಲ್ಲ, ಬೆನ್ನೂ ಸುಡುವುದಿಲ್ಲ.

ಹಣ ಕೊಡುವ ಮುನ್ನ

ಗಾಳಿಯಿಂದ ಪ್ರವಾಸ ರದ್ದಾದರೆ ಅಥವಾ ಹಡಗು ಆ ದ್ವೀಪಕ್ಕೆ ಹೋಗದೇ ಇದ್ದರೆ ಪೂರ್ತಿ ಹಣ ವಾಪಸಾಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅರಬ್ಬೀ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಒರಟು, ಫುಕೆಟ್ ಕಡೆ ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆ ತಿಂಗಳುಗಳಲ್ಲಿ ಈ ಷರತ್ತಿಲ್ಲದೆ ಬುಕ್ ಮಾಡಲೇಬಾರದು. ಲಕ್ಷದ್ವೀಪಕ್ಕೆ ಹೋಗಲು ನಮಗೂ ಪ್ರವೇಶ ಪರವಾನಗಿ ಬೇಕು, ಅದನ್ನು ಪ್ರವಾಸ ನಡೆಸುವವರೇ ಮಾಡಿಸುತ್ತಾರೆಯೇ ಎಂದು ಕೇಳಿಕೊಳ್ಳಿ. ನಿಮ್ಮ ಪ್ರಯಾಣ ವಿಮೆಯಲ್ಲಿ ಜಲಕ್ರೀಡೆ ಸೇರಿದೆಯೇ ಎಂದು ಓದಿ ನೋಡಿ. ದಡಕ್ಕೆ ಇಳಿಯುವ ದಿನ, ಆ ಬಂದರಿನಲ್ಲಿರುವ ಹಡಗಿನ ಏಜೆಂಟರ ದೂರವಾಣಿ ಸಂಖ್ಯೆಯನ್ನು ಹಡಗಿನ ಕೌಂಟರ್‌ನಲ್ಲಿ ಕೇಳಿ ಕಾಗದದ ಮೇಲೆ ಬರೆದುಕೊಂಡು, ಪಾಸ್‌ಪೋರ್ಟಿನ ನಕಲು ಮತ್ತು ಸ್ವಲ್ಪ ನಗದಿನೊಂದಿಗೆ ನೀರು ಸೇರದ ಚೀಲದಲ್ಲಿ ಇಟ್ಟುಕೊಳ್ಳಿ. ಮೊಬೈಲ್ ಒದ್ದೆಯಾದರೂ ಕಾಗದ ಕೈಯಲ್ಲಿರುತ್ತದೆ.