ಧಾರವಾಡದ ಕ್ಯಾನ್ವಾಸು ಕಡಲು ದಾಟಬೇಕಾದರೆ

ಗದಗಿನಲ್ಲಿ ಟಿ.ಪಿ. ಅಕ್ಕಿಯವರೂ ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರೂ ಚಿತ್ರಶಾಲೆಗಳನ್ನು ಕಟ್ಟಿದ ಈ ಸೀಮೆಯಲ್ಲಿ ಕುಂಚ ಹಿಡಿಯಲು ಕಲಿಸುವವರಿಗೆ ಕೊರತೆಯಿಲ್ಲ. ಆದರೆ ವಿದೇಶದಲ್ಲಿ ನೆಲೆ ಕಂಡುಕೊಳ್ಳುವ ಕೆಲಸದ ಬಹುಪಾಲು ಚಿತ್ರ ಮುಗಿದ ಮೇಲೆ, ಮನೆಯ ಮೇಜಿನ ಮುಂದೆಯೇ ಶುರುವಾಗುತ್ತದೆ.

ಮೊದಲು ದಾಖಲೆ. ಮಾರಾಟವಾದವೂ ಸೇರಿದಂತೆ ಪ್ರತಿ ಚಿತ್ರದ ಹೆಸರು, ವರ್ಷ, ಮಾಧ್ಯಮ ಹಾಗೂ ಸೆಂಟಿಮೀಟರಿನಲ್ಲಿ ಎತ್ತರ ಮತ್ತು ಅಗಲವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗಾಜು, ಚೌಕಟ್ಟು ತೆಗೆದು, ಪಡಸಾಲೆಯಲ್ಲಿ ನೇರ ಬಿಸಿಲು ಬೀಳದ ಬೆಳಕಿನಲ್ಲಿ ಕ್ಯಾಮೆರಾವನ್ನು ಚಿತ್ರಕ್ಕೆ ನೇರವಾಗಿ ಹಿಡಿದು ಫೋಟೊ ತೆಗೆಯಿರಿ. ಅನಂತರ ಒಂದೇ ಎಳೆಯಲ್ಲಿ ಸಾಗುವ ಹದಿನೈದು ಚಿತ್ರಗಳನ್ನು ಆಯ್ದು, ನೀವು ಏನನ್ನು, ಏಕೆ ಚಿತ್ರಿಸುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಹೇಳಿ. ವಿದೇಶಿಯರಿಗೆ ಹಿಡಿಸೀತೆಂದು ಜೋಡೆತ್ತು, ಬಂಡಿಗಳನ್ನು ತುರುಕಿದ ಚಿತ್ರಗಳ ಸುಳ್ಳು ಬೇಗ ಬಯಲಾಗುತ್ತದೆ.

ಗ್ಯಾಲರಿಗಳ ಬಾಗಿಲು ತಟ್ಟುವ ಮುನ್ನ ರೆಸಿಡೆನ್ಸಿಗೆ, ಅಂದರೆ ಕೆಲಕಾಲ ಒಂದೆಡೆ ತಂಗಿ ಕಲಾಕೆಲಸ ಮಾಡುವ ಅವಕಾಶಕ್ಕೆ, ಅರ್ಜಿ ಹಾಕುವುದು ಮೇಲು. ಬ್ರಿಟನ್ನಿಗೆ ಹೋಗುವ ಭಾರತೀಯ ಕಲಾವಿದರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನೆರವು ನೀಡುತ್ತದೆ. ಪ್ಯಾರಿಸ್ಸಿನಲ್ಲಿ ಸೀನ್ ನದಿಯ ಬಳಿಯ ಸಿತೆ ಅಂತರ್ನಾಷಿಯೊನಾಲ್ ದೆಸಾರ್ ಎಂಬ ಸಂಸ್ಥೆ 1965ರಿಂದ ಕಲಾವಿದರಿಗೆ ವಾಸದ ಜತೆ ಕಾರ್ಯಶಾಲೆ ಒದಗಿಸುತ್ತಿದೆ. ವಯಸ್ಸಾಯಿತೆಂದು ಹಿಂಜರಿಯುವವರು ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ನೆನೆಯಬಹುದು: 1911ರಲ್ಲಿ ಹುಟ್ಟಿದ ಅವರು ಪ್ಯಾರಿಸ್ಸಿಗೆ ಕಲಿಯಲು ಹೋದಾಗ ನಲವತ್ತರ ಹೊಸ್ತಿಲಲ್ಲಿದ್ದರು. ಪಾಸ್‌ಪೋರ್ಟಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ. ಫ್ರಾನ್ಸ್ ಸೇರಿದಂತೆ ಒಂದೇ ವೀಸಾ ಒಪ್ಪುವ ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದಲ್ಲಿ 180 ದಿನಗಳ ಪೈಕಿ 90 ದಿನ ಮಾತ್ರ ಇರಬಹುದಾದ್ದರಿಂದ ರೆಸಿಡೆನ್ಸಿಯ ಅವಧಿಯನ್ನು ಮೊದಲೇ ಲೆಕ್ಕ ಹಾಕಿ.

ಹೆಚ್ಚಿನವರು ಎಡವುವುದು ಸಾಗಣೆಯಲ್ಲಿ. ದಪ್ಪಗೆ ಬಳಿದ ತೈಲವರ್ಣ ಒಳಗಿನಿಂದ ಒಣಗಲು ಆರು ತಿಂಗಳೂ ಬೇಕಾದೀತು. ನಮ್ಮ ಜಿಟಿಜಿಟಿ ಮಳೆಗಾಲದಲ್ಲಿ ಮುಗಿಸಿದ್ದನ್ನು ದಸರೆಗೆ ಕಳುಹಿಸುವ ಆತುರ ಬೇಡ. ಕ್ಯಾನ್ವಾಸನ್ನು ಸುತ್ತುವಾಗ ಬಣ್ಣದ ಮುಖ ಹೊರಗಿರಲಿ, ಕೊಳವೆ ಆದಷ್ಟು ಅಗಲವಿರಲಿ. ಒಳಮುಖವಾಗಿ ಸುತ್ತಿದರೆ ಬಣ್ಣದ ಪದರ ಒತ್ತಿ ಬಿರುಕು ಬಿಡುತ್ತದೆ. ಪರಿಚಯದ ಬಡಿಗರಿಂದ ಹಸಿಮರದ ಪೆಟ್ಟಿಗೆ ಮಾಡಿಸಿದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ: ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮೇಲೆ ಐಎಸ್‌ಪಿಎಂ 15 ಮುದ್ರೆಯಿರಬೇಕು; ಮರದ ಜತೆ ಕೀಟಗಳು ಗಡಿ ದಾಟದಂತೆ ಮಾಡಿದ ಅಂತರರಾಷ್ಟ್ರೀಯ ನಿಯಮವದು. ಪ್ಲೈವುಡ್‌ಗೆ ಈ ನಿಯಮವಿಲ್ಲ. ಪ್ರದರ್ಶನ ಮುಗಿಸಿ ಮರಳಿ ತರುವ ಚಿತ್ರಗಳಿಗೆ ಎಟಿಎ ಕಾರ್ನೆಟ್ ಎಂಬ ತಾತ್ಕಾಲಿಕ ರಹದಾರಿಯಿದೆ. ಮಾರುವ ಉದ್ದೇಶವಿದ್ದರೆ ಅದು ಒದಗದು.

ಕೊನೆಗೆ ಕರಾರು. ಗ್ಯಾಲರಿ ಮಾರಾಟದ ಬೆಲೆಯ ಅರ್ಧದಷ್ಟನ್ನು ಕೇಳಿದರೆ ಬೆಚ್ಚಬೇಕಿಲ್ಲ, ಅದು ರೂಢಿ. ಗೋಡೆಯ ಬಾಡಿಗೆಯನ್ನು ನಿಮ್ಮಿಂದಲೇ ಮುಂಗಡವಾಗಿ ಕೇಳುವವರಿಂದ ಮಾತ್ರ ದೂರವಿರಿ. ಚಿತ್ರ ಮಾರಿದ ಮಾತ್ರಕ್ಕೆ ನಮ್ಮ 1957ರ ಕಾಯ್ದೆಯಂತೆ ಅದರ ಕೃತಿಸ್ವಾಮ್ಯ ಕೊಂಡವರದಾಗುವುದಿಲ್ಲ ಎಂಬುದನ್ನೂ, ಮಾರಾಟವಾಗದೆ ಉಳಿದ ಚಿತ್ರಗಳನ್ನು ಧಾರವಾಡಕ್ಕೆ ಮರಳಿಸುವ ವೆಚ್ಚ ಯಾರದು ಎಂಬುದನ್ನೂ ಸಹಿಗೆ ಮುನ್ನವೇ ಬರೆಯಿಸಿಕೊಳ್ಳಿ.