ಗಲಪಗೋಸ್ ಹಡಗು ಪ್ರವಾಸ: ಮೊದಲು ಮಾರ್ಗ ನೋಡಿ, ಆಮೇಲೆ ಹಡಗು

ಗಲಪಗೋಸ್‌ಗೆ ಹೊರಡುವವರು ಸಾಮಾನ್ಯವಾಗಿ ಹಡಗಿನ ಕೋಣೆ, ಡೆಕ್, ಊಟದ ಮೇಜಿನ ಫೋಟೊ ನೋಡಿ ಬುಕ್ ಮಾಡುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಆ ಹಡಗು ಯಾವ ದಿನ ಯಾವ ದ್ವೀಪದಲ್ಲಿ ನಿಲ್ಲುತ್ತದೆ ಎಂಬ ಪಟ್ಟಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕಿರುವ ಈ ಜ್ವಾಲಾಮುಖಿ ದ್ವೀಪಗಳಲ್ಲಿ ಒಂದರಲ್ಲಿ ಕಾಣುವ ಪ್ರಾಣಿ ಇನ್ನೊಂದರಲ್ಲಿ ಕಾಣದೇ ಇರಬಹುದು.

ಹಾರಲಾರದ ನೀರುಕಾಗೆ ಇರುವುದು ಪಶ್ಚಿಮದ ಫರ್ನಾಂಡಿನಾ ಮತ್ತು ಇಸಬೆಲಾದಲ್ಲಿ ಮಾತ್ರ. ಆಳದಿಂದ ಮೇಲೇಳುವ ತಣ್ಣನೆಯ ಪ್ರವಾಹ ಅಲ್ಲಿ ಮೀನನ್ನು ದಡದ ಹತ್ತಿರಕ್ಕೇ ತರುತ್ತದೆ. ಪೆಂಗ್ವಿನ್‌ಗಳೂ ಅಲ್ಲೇ ಹೆಚ್ಚು. ದೊಡ್ಡ ಆಲ್ಬಟ್ರಾಸ್ ಬೇಕಿದ್ದರೆ ಆಗ್ನೇಯ ತುದಿಯ ಎಸ್ಪನ್ಯೋಲಾಕ್ಕೆ ಹೋಗಬೇಕು, ಅದೂ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಉಳಿದ ತಿಂಗಳು ಆ ಹಕ್ಕಿ ಕಡಲಲ್ಲೇ ಇರುತ್ತದೆ. ಕೆಂಪು ಪಾದದ ಬೂಬಿ ಎಂಬ ಕಡಲ ಹಕ್ಕಿಗಳ ದೊಡ್ಡ ವಸಾಹತು ಈಶಾನ್ಯದ ಹೆನೊವೇಸಾದಲ್ಲಿದೆ. ನೀಲಿ ಪಾದದ ಬೂಬಿ, ಕಡಲ ಸಿಂಹ, ದೊಡ್ಡ ಹಲ್ಲಿಯಂಥ ಕಡಲ ಇಗುವಾನಾಗಳಿಗೆ ಇಷ್ಟು ಚಿಂತೆ ಬೇಡ, ಅವು ಹಲವು ಕಡೆ ಸಿಗುತ್ತವೆ.

ಒಂದೇ ವಾರದಲ್ಲಿ ಎಲ್ಲವನ್ನೂ ನೋಡಲು ಆಗದಿರುವುದಕ್ಕೆ ದೂರದ ಜೊತೆಗೆ ಒಂದು ನಿಯಮವೂ ಕಾರಣ. ರಾಷ್ಟ್ರೀಯ ಉದ್ಯಾನದ ಒಂದು ತಾಣಕ್ಕೆ ಒಮ್ಮೆ ಹೋದ ಹಡಗು 14 ದಿನದೊಳಗೆ ಮತ್ತೆ ಅಲ್ಲಿಗೆ ಹೋಗುವಂತಿಲ್ಲ. ಊರಿನ ಹತ್ತಿರದ ಕೆಲವು ತಾಣಗಳಿಗಷ್ಟೇ ವಿನಾಯಿತಿ. ಹಾಗಾಗಿ ಹಡಗಿನವರು ಎರಡು ವಾರದ ಸುತ್ತನ್ನು 4, 5 ಅಥವಾ 8 ದಿನಗಳ ತುಂಡು ಮಾಡಿ ಮಾರುತ್ತಾರೆ. ಅದೇ ಹಡಗು ಒಂದು ವಾರ ಪಶ್ಚಿಮಕ್ಕೆ ಹೋದರೆ ಮುಂದಿನ ವಾರ ಪೂರ್ವಕ್ಕೆ ತಿರುಗಬಹುದು. ತಾರೀಕು ಬದಲಾದರೆ ನೋಡುವ ಪ್ರಾಣಿಗಳೇ ಬದಲಾಗುತ್ತವೆ. ಮೊದಲ ಮತ್ತು ಕೊನೆಯ ದಿನದ ಬಹುಪಾಲು ವಿಮಾನಕ್ಕೇ ಹೋಗುವುದರಿಂದ 4 ದಿನದ ಪ್ಯಾಕೇಜಿನಲ್ಲಿ ಪೂರ್ತಿ ಕೈಗೆ ಸಿಗುವುದು ಎರಡೇ ದಿನ. ಅಷ್ಟು ದೂರ ಹೋಗುವವರು 8 ದಿನದ್ದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಡಿಸೆಂಬರ್‌ನಿಂದ ಮೇವರೆಗೆ ಬಿಸಿಲು, ಆಗಾಗ ಮಳೆ, ಶಾಂತ ಸಮುದ್ರ, ಬೆಚ್ಚಗಿನ ನೀರು. ಜೂನ್‌ನಿಂದ ನವೆಂಬರ್‌ವರೆಗೆ ‘ಗರೂವಾ’ ಎಂಬ ತುಂತುರು ಮಂಜು. ಆಗ ಗಾಳಿ ಜೋರು, ಪಶ್ಚಿಮದಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ, ಆದರೆ ಕಡಲಿನಲ್ಲಿ ಆಹಾರ ತುಂಬಿರುವ ಕಾಲವೂ ಅದೇ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಲೆ ಹೆಚ್ಚು. ವಾಂತಿ ಬರುವವರು ಆ ಎರಡು ತಿಂಗಳು ಬಿಡಿ.

ಈಗ ಹಡಗಿನ ವಿಷಯ. 100ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಇಲ್ಲಿ ಅನುಮತಿಯಿಲ್ಲ. ಹೆಚ್ಚಿನವು 16 ಜನರವು, ಏಕೆಂದರೆ 16 ಜನಕ್ಕೆ ಒಬ್ಬ ಪರವಾನಗಿ ಪಡೆದ ಗೈಡ್ ಇರಲೇಬೇಕು. ದ್ವೀಪದಿಂದ ದ್ವೀಪಕ್ಕೆ ಹಡಗು ಹೆಚ್ಚಾಗಿ ರಾತ್ರಿಯೇ ಚಲಿಸುತ್ತದೆ, ಹಾಗಾಗಿ ನಿದ್ದೆಗೆ ಕೋಣೆಯ ಜಾಗ ಮುಖ್ಯ. ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ, ಎಂಜಿನ್ ಸದ್ದು ಜಾಸ್ತಿ. ಮೇಲಿನ ಬಾಲ್ಕನಿ ಕೋಣೆಯಲ್ಲಿ ಇದು ತಿರುಗುಮುರುಗು. ಎರಡು ಒಡಲಿನ ಕ್ಯಾಟಮರಾನ್ ಅಡ್ಡಕ್ಕೆ ಕಡಿಮೆ ತೂಗುತ್ತದೆ. ವಾಂತಿಯ ಮಾತ್ರೆಯನ್ನು ತಲೆ ತಿರುಗಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹಡಗು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ. ಯಾವ ಮಾತ್ರೆ ಎಂದು ನಿಮ್ಮ ವೈದ್ಯರನ್ನು ಕೇಳಿ, ಹಲವು ಮಾತ್ರೆ ನಿದ್ದೆ ತರಿಸುತ್ತವೆ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಬರೆದು ಬಿಡಬೇಡಿ. ಮೀನು, ಸಿಗಡಿ, ಮಾಂಸದ ಸಾರು, ಮೊಟ್ಟೆ, ಇವುಗಳಲ್ಲಿ ಏನೇನು ಬೇಡ ಎಂದು ಬುಕಿಂಗ್ ವೇಳೆ ಒಂದೊಂದಾಗಿ ಬರೆದುಕೊಡಿ. ಹಡಗು ಹೊರಟ ಮೇಲೆ ಅಡುಗೆಯವರು ಸಾಮಾನು ತರಲು ಅಂಗಡಿ ಇರುವುದಿಲ್ಲ.

ದ್ವೀಪಗಳಿಗೆ ವಿಮಾನ ಈಕ್ವೆಡಾರ್‌ನ ಕೀಟೊ ಅಥವಾ ಗ್ವಾಯಾಕಿಲ್‌ ನಗರದಿಂದ. ಒಂದು ದಿನ ಮೊದಲೇ ಆ ಊರು ಸೇರಿಕೊಳ್ಳಿ. ವಿಮಾನ ತಪ್ಪಿದರೆ ಹಡಗು ಕಾಯುವುದಿಲ್ಲ. ಅಲ್ಲಿಂದ ಬರುವ ವಿಮಾನಗಳು ಇಳಿಯುವುದು ಬಾಲ್ತ್ರಾ ಮತ್ತು ಸಾನ್ ಕ್ರಿಸ್ಟೋಬಲ್ ದ್ವೀಪಗಳ ಎರಡು ನಿಲ್ದಾಣಗಳಲ್ಲಿ. ಕೆಲವು ಪ್ರವಾಸ ಒಂದರಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತವೆ, ಟಿಕೆಟ್ ಕೊಳ್ಳುವ ಮೊದಲು ನೋಡಿಕೊಳ್ಳಿ. ಹೊರಡುವ ನಿಲ್ದಾಣದಲ್ಲೇ 20 ಡಾಲರ್‌ನ ಪ್ರವಾಸ ನಿಯಂತ್ರಣ ಕಾರ್ಡ್ ಮಾಡಿಸಿ, ಸಾಮಾನು ತಪಾಸಣೆಗೆ ಕೊಡಬೇಕು. ತಾಜಾ ಹಣ್ಣು, ಬೀಜ, ಗಿಡ, ಮಣ್ಣು ಮೆತ್ತಿದ ಬೂಟು ತರಬೇಡಿ. ಹೊರಗಿನ ಒಂದು ಬೀಜ, ಒಂದು ಕೀಟ ಈ ದ್ವೀಪಗಳ ಮೂಲ ಜೀವಿಗಳನ್ನೇ ಅಳಿಸಬಲ್ಲದು. ಇಳಿದ ಮೇಲೆ ಉದ್ಯಾನದ ಪ್ರವೇಶ ಶುಲ್ಕ. ಹೆಚ್ಚಿನ ವಿದೇಶಿ ವಯಸ್ಕರಿಗೆ 2024ರ ಆಗಸ್ಟ್‌ನಿಂದ ಅದು 200 ಡಾಲರ್. ನಗದು ಇಟ್ಟುಕೊಳ್ಳಿ, ಟಿಪ್ಸ್‌ಗೆ 20 ಮತ್ತು ಅದಕ್ಕಿಂತ ಚಿಕ್ಕ ನೋಟು ಇರಲಿ.

ಹಡಗಿನಿಂದ ದಡಕ್ಕೆ ಒಯ್ಯುವುದು ‘ಪಾಂಗಾ’ ಎಂಬ ಚಿಕ್ಕ ಮೋಟಾರು ದೋಣಿ. ಹತ್ತುವಾಗ ಎರಡೂ ಕೈ ಖಾಲಿ ಇರಬೇಕು. ಕ್ಯಾಮೆರಾ ನೀರು ಹೋಗದ ಚೀಲದಲ್ಲಿ, ಚೀಲ ಬೆನ್ನಿಗೆ. ನಾವಿಕನ ಅಂಗೈ ಹಿಡಿಯಬೇಡಿ, ಒದ್ದೆ ಕೈ ಜಾರುತ್ತದೆ. ಪರಸ್ಪರ ಮುಂಗೈ ಹಿಡಿದುಕೊಳ್ಳಬೇಕು. ಇಳಿಯುವುದು ಎರಡು ಬಗೆ. ಮರಳು ದಡದಲ್ಲಾದರೆ ಮೊಣಕಾಲಿನವರೆಗೆ ನೀರಿಗೆ ಇಳಿಯಬೇಕು, ಅದಕ್ಕೆ ಪಟ್ಟಿಯಿರುವ ಸ್ಯಾಂಡಲ್. ಬಂಡೆಯ ಮೇಲೆ ಒಣಗಾಲಲ್ಲೇ ಇಳಿಯುವ ಕಡೆ ಬೂಟು. ಫರ್ನಾಂಡಿನಾದ ಲಾವಾ ಚೂಪು, ಹವಾಯಿ ಚಪ್ಪಲಿ ಹಾಕಿಕೊಂಡು ಅಲ್ಲಿ ನಡೆಯಲಾಗದು. ಅಲ್ಲಿನ ಕಪ್ಪು ಇಗುವಾನಾ ಕಪ್ಪು ಬಂಡೆಯ ಮೇಲೆ ಕಣ್ಣಿಗೇ ಬೀಳುವುದಿಲ್ಲ, ಹೆಜ್ಜೆ ಇಡುವ ಮೊದಲು ನೆಲ ನೋಡಿ.

ಪ್ರಾಣಿಯಿಂದ ಕನಿಷ್ಠ 2 ಮೀಟರ್ ದೂರವಿರಬೇಕು. ಅದಾಗಿ ಹತ್ತಿರ ಬಂದರೆ ನೀವೇ ಮೆಲ್ಲಗೆ ಹಿಂದೆ ಸರಿಯಿರಿ. ಫ್ಲ್ಯಾಶ್, ಡ್ರೋನ್ ಇಲ್ಲ. ದಡಕ್ಕೆ ಕುಡಿಯುವ ನೀರು ಬಿಟ್ಟು ತಿಂಡಿ ಒಯ್ಯುವಂತಿಲ್ಲ. ಕಡಲ ಸಿಂಹದ ಮರಿ ಮುದ್ದಾಗಿ ಕಂಡರೂ ಮುಟ್ಟಲೇಬೇಡಿ: ತಾಯಿ ಅದನ್ನು ವಾಸನೆಯಿಂದ ಗುರುತಿಸುತ್ತದೆ. ದಡದಲ್ಲಿ ಗಂಡು ಕಡಲ ಸಿಂಹ ಬೊಗಳುತ್ತಿದ್ದರೆ ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ. ಪ್ರಾಣಿಗಳು ಇಷ್ಟು ಹತ್ತಿರ ಸಿಗುವುದರಿಂದ ಭಾರದ ಲೆನ್ಸ್ ಹೊರಬೇಕಿಲ್ಲ, 100–400 ಮಿ.ಮೀ. ಒಂದು ಸಾಕು. ಬೈನಾಕ್ಯುಲರ್ 8x42 ಇರಲಿ, ಅಂದರೆ 8 ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನದು.

ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಮತ್ತು ಉಸಿರುಕೊಳವೆ ಹಾಕಿಕೊಂಡು ಈಜುವುದು, ಬಹುತೇಕ ಪ್ರತಿದಿನ ಇರುತ್ತದೆ. ಪಶ್ಚಿಮಕ್ಕೆ, ತಣ್ಣನೆಯ ತಿಂಗಳಲ್ಲಿ ಹೋಗುವವರು ಮೈ ಬೆಚ್ಚಗಿಡುವ ಈಜುಡುಪಾದ ವೆಟ್‌ಸೂಟನ್ನು 5 ಮಿ.ಮೀ. ದಪ್ಪದ, ಉದ್ದನೆಯದನ್ನೇ ಕೇಳಿ. ತೆಳು ಸೂಟಿನಲ್ಲಿ ನಡುಕ ಬೇಗ ಶುರುವಾಗಿ, ಆಮೆ ಈಜುವುದನ್ನು ನೋಡುವ ಹೊತ್ತಿಗೆ ಮೇಲೆ ಬರಬೇಕಾಗುತ್ತದೆ. ಮಾಸ್ಕ್ ಸೋರುವುದಕ್ಕೆ ಹೆಚ್ಚಾಗಿ ಕಾರಣ ಅಂಚಿನಡಿ ಸಿಕ್ಕಿಕೊಂಡ ಕೂದಲು ಅಥವಾ ಮೀಸೆ. ಕನ್ನಡಕದವರು ಪವರ್ ಇರುವ ಮಾಸ್ಕ್ ಊರಲ್ಲೇ ಮಾಡಿಸಿಕೊಂಡು ಹೋಗಿ. ಈಜು ಬಾರದವರು ಬುಕ್ ಮಾಡುವಾಗಲೇ ತಿಳಿಸಿ, ದಂಡೆಗುಂಟ ಪಾಂಗಾ ಸುತ್ತು ಅಥವಾ ಗಾಜಿನ ತಳದ ದೋಣಿ ಇದೆಯೇ ಕೇಳಿ. ಪೆಂಗ್ವಿನ್, ನೀರುಕಾಗೆ, ಬೂಬಿಗಳನ್ನು ದೋಣಿಯಿಂದಲೂ ಚೆನ್ನಾಗಿ ನೋಡಬಹುದು.

ಭಾರತೀಯ ಪಾಸ್‌ಪೋರ್ಟ್‌ನವರಿಗೆ ಈಕ್ವೆಡಾರ್ ವೀಸಾ ಬೇಕು. ನಡುವೆ ವಿಮಾನ ಬದಲಿಸುವ ದೇಶಕ್ಕೂ ವೀಸಾ ಬೇಕಾಗಬಹುದು. ಅಮೆರಿಕದ ಮೂಲಕವಾದರೆ ಬೇಕೇ ಬೇಕು. ಈಕ್ವೆಡಾರ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ ಭಾರತಕ್ಕೆ ಮರಳುವಾಗ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿದ 10 ದಿನದ ನಂತರವೇ ಅದು ಊರ್ಜಿತ. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರದಿ ಸಿಗಲು ತಡವಾಗಬಹುದು. ಟಿಕೆಟ್ ಕೊಂಡ ವಾರವೇ ಹೆಸರು ಬರೆಸಿ.